ಭರಣಿಯ ಆಯುಷ್ಯವನ್ನು ಅಳೆಯುವ ಬಗೆ

ಮನೆಯಲ್ಲಿ ಕಾಯ್ದಿಟ್ಟ ಆಹಾರದ ಸಂಗ್ರಹ ಹಾಗೂ ಬಾಳಿಕೆಯನ್ನು ಕುರಿತು ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ



ಮಲೆನಾಡಿನಲ್ಲಿ ಆಹಾರವನ್ನು ಕಾಯ್ದಿಡುವ ಕಲೆ ಬಾಯಿರುಚಿಗಾಗಿ ಮಾತ್ರ ಹುಟ್ಟಿದುದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದ ನಾಡು ಇದು. ಹೊಳೆ ತುಂಬಿ, ಸಂಕ ಮುಳುಗಿ, ಸಂತೆಯ ದಾರಿ ಕಟ್ಟಿಹೋದ ದಿನಗಳಲ್ಲಿ ಅಟ್ಟದ ಮೇಲಿನ ಹಪ್ಪಳ, ಉಗ್ರಾಣದ ಮೂಲೆಯ ಉಪ್ಪುಸೊಳೆ, ಭರಣಿಯ ಮಿಡಿ ಉಪ್ಪಿನಕಾಯಿಗಳೇ ಊಟದ ಎಲೆಯನ್ನು ತುಂಬಿಸುತ್ತಿದ್ದವು. ಬೇಸಿಗೆಯ ಕಾಡು ಕೊಟ್ಟದ್ದನ್ನು ಮಳೆಗಾಲದ ಮನೆ ಉಂಡಿತು. ಈ ವ್ಯವಸ್ಥೆಯ ಕೀಲಿ ಮನೆಯ ಹೆಂಗಸರ ಕೈಯಲ್ಲಿತ್ತು. ಎಷ್ಟು ಉಪ್ಪು, ಎಷ್ಟು ದಿನದ ಬಿಸಿಲು, ಯಾವ ಭರಣಿ, ಯಾವ ಮೂಲೆ ಎಂಬ ತಿಳಿವಳಿಕೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲೇ ಹರಿದುಬಂದಿತು.

ಇಂದು ಈ ಚಿತ್ರ ಬದಲಾಗಿದೆ. ಭರಣಿಯ ಸ್ಥಳಕ್ಕೆ ತಿರುಗಿಸಿ ಮುಚ್ಚುವ ಗಾಜಿನ ಬಾಟಲಿ ಬಂದಿದೆ. ರಕ್ತದೊತ್ತಡದ ಭಯದಿಂದ ಉಪ್ಪನ್ನು ಅರ್ಧಕ್ಕೆ ಇಳಿಸಿದ ಮನೆಗಳಿವೆ. ಬೇಯಿಸಿದ ಎಳೆಹಲಸು, ಕಳಲೆ, ಅಣಬೆಗಳನ್ನು ಬಾಟಲಿಗೆ ತುಂಬಿ ಕುದಿಸಿ ಮುಚ್ಚಿಡುವ ವಿಧಾನವನ್ನು ಯುವಜನರು ಮೊಬೈಲಿನಲ್ಲಿ ನೋಡಿ ಕಲಿಯುತ್ತಿದ್ದಾರೆ. ಸ್ವಸಹಾಯ ಸಂಘಗಳು ಉಪ್ಪಿನಕಾಯಿ, ಜಾಮ್, ಮುರುಗಲು ಪಾಕಗಳನ್ನು ಮಾಡಿ ದೂರದ ಪಟ್ಟಣಗಳಿಗೆ ಕಳುಹಿಸುತ್ತಿವೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ದಿನ ಬಾಳುತ್ತದೆ? ಈ ಪ್ರಶ್ನೆಗೆ ಅಂದಾಜಿನ ಉತ್ತರ ಸಾಲದು. ತಪ್ಪು ಉತ್ತರದಿಂದ ಒಳ್ಳೆಯ ಆಹಾರ ತಿಪ್ಪೆ ಸೇರಬಹುದು. ಅಪರೂಪಕ್ಕಾದರೂ ಮನುಷ್ಯನ ಪ್ರಾಣವೇ ಹೋಗಬಹುದು.

ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು

ಎಷ್ಟು ದಿನ ಬಾಳುತ್ತದೆ ಎಂಬ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಎಲ್ಲಿಯವರೆಗೆ ತಿಂದರೆ ಅಪಾಯವಿಲ್ಲ ಎಂಬುದು ಒಂದು. ಎಲ್ಲಿಯವರೆಗೆ ಬಣ್ಣ, ಪರಿಮಳ, ರುಚಿ, ಸತ್ವಗಳು ಉಳಿಯುತ್ತವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಆಹಾರವನ್ನು ಸಿದ್ಧಪಡಿಸಿದ ದಿನವೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಎರಡನೆಯದನ್ನು ಇಟ್ಟ ಜಾಗ ಮತ್ತು ಕಳೆದ ಕಾಲ ನಿರ್ಧರಿಸುತ್ತವೆ. ಸರಿಯಾಗಿ ಮಾಡದ ಬಾಟಲಿ ವಾರದೊಳಗೆ ವಿಷವಾಗಬಲ್ಲದು. ಸರಿಯಾಗಿ ಮಾಡಿದ ಭರಣಿ ಮೂರನೆಯ ವರ್ಷದಲ್ಲಿ ರುಚಿ ಕಳೆದುಕೊಂಡರೂ ಕೆಡುಕು ಮಾಡುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದೇ ಆಹಾರದ ಬಾಳಿಕೆಯನ್ನು ಅಳೆಯುವ ಮೊದಲ ಹೆಜ್ಜೆ.

ಕೆಡಿಸುವ ಶಕ್ತಿಗಳು, ಕಾಯುವ ಶಕ್ತಿಗಳು

ಆಹಾರವನ್ನು ಕೆಡಿಸುವವು ಬೂಷ್ಟು, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು. ಇವುಗಳೊಂದಿಗೆ ಕಾಯಿಯೊಳಗಿನ ಕಿಣ್ವಗಳು, ಗಾಳಿಯಲ್ಲಿನ ಆಮ್ಲಜನಕ ಮತ್ತು ಬೆಳಕು ಸೇರಿಕೊಳ್ಳುತ್ತವೆ. ಕಾಯುವ ಶಕ್ತಿಗಳು ಐದು: ಉಪ್ಪು, ಹುಳಿ, ಸಕ್ಕರೆ, ಒಣಗಿಸುವಿಕೆ ಮತ್ತು ಶಾಖ. ಉಪ್ಪು ಹಾಗೂ ಸಕ್ಕರೆಗಳು ನೀರನ್ನು ತಮ್ಮೊಡನೆ ಕಟ್ಟಿಹಾಕಿ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತವೆ. ಒಣಗಿಸಿದಾಗ ನೀರೇ ಇಲ್ಲವಾಗುತ್ತದೆ. ಹುಳಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಶಾಖ ಅವುಗಳನ್ನು ಕೊಲ್ಲುತ್ತದೆ.

ಮಲೆನಾಡಿನ ಪ್ರತಿಯೊಂದು ಸಾಂಪ್ರದಾಯಿಕ ಶೇಖರಣೆಯೂ ಈ ಐದರಲ್ಲಿ ಒಂದೆರಡನ್ನು ಅವಲಂಬಿಸಿದೆ. ಉಪ್ಪುಸೊಳೆಯನ್ನು ಉಪ್ಪು ಕಾಯುತ್ತದೆ. ಬೆಲ್ಲದೊಡನೆ ಗಟ್ಟಿಯಾಗಿ ಕಾಯಿಸಿದ ಹಲಸಿನ ಹಣ್ಣಿನ ಬೆರಟಿಯನ್ನು ಸಿಹಿ ಮತ್ತು ನೀರಿನ ಕೊರತೆ ಕಾಯುತ್ತವೆ. ಕೊಡಗಿನ ಕಾಚಂಪುಳಿಯನ್ನು ಅದರ ಕಡುಹುಳಿಯೇ ಕಾಯುತ್ತದೆ. ಒಣಗಿಸಿದ ಮುರುಗಲು ಸಿಪ್ಪೆಗೆ ಬಿಸಿಲು ಮತ್ತು ಹುಳಿ ಎರಡರ ರಕ್ಷೆಯಿದೆ. ಈ ಪಟ್ಟಿಯಲ್ಲಿ ಮುಚ್ಚಳಕ್ಕೆ ಸ್ಥಾನವಿಲ್ಲ ಎಂಬುದನ್ನು ಗಮನಿಸಬೇಕು. ಮುಚ್ಚಳವು ಹೊರಗಿನ ಧೂಳು, ಹುಳು, ತೇವಗಳನ್ನು ತಡೆಯುತ್ತದೆ. ಒಳಗೆ ಈಗಾಗಲೇ ಸೇರಿಕೊಂಡಿರುವುದನ್ನು ತಡೆಯುವ ಸಾಮರ್ಥ್ಯ ಅದಕ್ಕಿಲ್ಲ.

ಅಪ್ಪೆಮಿಡಿಯ ಲೆಕ್ಕ

ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅಪ್ಪೆಮಿಡಿಯನ್ನೇ ಉದಾಹರಣೆಯಾಗಿ ನೋಡಬಹುದು. ತೊಟ್ಟಿನ ಸಮೇತ ಕೈಯಿಂದ ಕೊಯ್ದ, ನೆಲಕ್ಕೆ ಬಿದ್ದು ಪೆಟ್ಟಾಗದ ಮಿಡಿಗಳನ್ನು ಹಿರಿಯರು ಮೊದಲು ಒಣ ಉಪ್ಪಿನಲ್ಲಿ ಪದರ ಪದರವಾಗಿ ಹಾಕುತ್ತಾರೆ. ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಆನಂತರವಷ್ಟೇ ಕುದಿಸಿ ಆರಿಸಿದ ಉಪ್ಪುನೀರು, ಸಾಸಿವೆ, ಮೆಣಸಿನ ಪುಡಿಗಳ ಸರದಿ. ಮಿಡಿಗಳು ಮೇಲೆ ತೇಲದಂತೆ ಭಾರ ಹೇರುತ್ತಾರೆ. ಮೇಲ್ನೋಟಕ್ಕೆ ವಿಳಂಬವೆಂದು ತೋರುವ ಈ ಕ್ರಮದ ಹಿಂದೆ ಗಟ್ಟಿಯಾದ ಲೆಕ್ಕವಿದೆ.

ಒಂದು ಲೀಟರ್ ನೀರಿಗೆ 136 ಗ್ರಾಂ ಉಪ್ಪು ಹಾಕಿದರೆ ಶೇಕಡ 12ರ ಉಪ್ಪುನೀರು ಸಿದ್ಧವಾಗುತ್ತದೆ. ಅದರಲ್ಲಿ ಒಂದು ಕಿಲೋ ಹಸಿ ಮಿಡಿಯನ್ನು ನೇರವಾಗಿ ಮುಳುಗಿಸಿದರೆ ಏನಾಗುತ್ತದೆ? ಮಿಡಿಯ ತೂಕದಲ್ಲಿ ಸುಮಾರು 850 ಗ್ರಾಂ ನೀರೇ ಇದೆ ಎಂದು ಇಟ್ಟುಕೊಂಡರೆ, ಕೆಲವು ವಾರಗಳಲ್ಲಿ ಒಳಗಿನ ನೀರೂ ಹೊರಗಿನ ಉಪ್ಪುನೀರೂ ಸಮನಾಗುತ್ತವೆ. ಆಗ ಉಳಿಯುವ ಉಪ್ಪು ಶೇಕಡ 7ರಷ್ಟು ಮಾತ್ರ. ಕೊನೆಗೂ ಶೇಕಡ 12 ಉಳಿಯಬೇಕಾದರೆ ಸುಮಾರು 250 ಗ್ರಾಂ ಉಪ್ಪು ಬೇಕಾಗುತ್ತದೆ. ಭಾರತದ ಆಹಾರ ಮಾನಕಗಳು ಉಪ್ಪುನೀರಿನ ಉಪ್ಪಿನಕಾಯಿಗೆ ವಿಧಿಸಿರುವ ಕನಿಷ್ಠ ಮಿತಿಯೂ ಶೇಕಡ 12. ಒಣ ಉಪ್ಪಿನಿಂದ ಮೊದಲೇ ನೀರನ್ನು ಹೊರಗೆಳೆಯುವ ಪದ್ಧತಿಯು ಈ ತೆಳುವಾಗುವಿಕೆಯನ್ನು ತಡೆಯುವ ಉಪಾಯ. ಭರಣಿಯ ಬಾಳಿಕೆಯನ್ನು ನಿರ್ಧರಿಸುವುದು ಹಾಕಿದ ಉಪ್ಪಿಗಿಂತ ಕೊನೆಗೆ ಉಳಿದ ಉಪ್ಪು.

ಮಿಡಿಯಲ್ಲಿ ಉಪ್ಪಿನ ಜೊತೆಗೆ ಮಾವಿನ ಸಹಜ ಹುಳಿಯೂ ಇದೆ. ಆದುದರಿಂದ ಉಪ್ಪು ತುಸು ಕಡಿಮೆಯಾದರೆ ಮಿಡಿ ಮೆತ್ತಗಾಗಬಹುದು, ಬೂಷ್ಟು ಹಿಡಿಯಬಹುದು. ಮಾರಕವಾಗುವ ಸಂಭವ ಕಡಿಮೆ. ಹುಳಿಯೇ ಇಲ್ಲದ ಹಲಸಿನ ಸೊಳೆಗೆ, ಕಳಲೆಗೆ, ಅಣಬೆಗೆ ಈ ಎರಡನೆಯ ರಕ್ಷಣೆ ಇಲ್ಲ. ಉಪ್ಪಿನಕಾಯಿಯಲ್ಲಿ ಕಲಿತ ಧೈರ್ಯವನ್ನು ಅವುಗಳಿಗೂ ಅನ್ವಯಿಸುವಲ್ಲಿ ನಿಜವಾದ ಅಪಾಯ ಆರಂಭವಾಗುತ್ತದೆ.

ಗಾಳಿಯಿಲ್ಲದ ಬಾಟಲಿಯ ಒಳಗೆ

ಆಹಾರವನ್ನು ಬಾಟಲಿಗೆ ತುಂಬಿ, ಮುಚ್ಚಿ, ಕುದಿಸಿ ಕಾಯ್ದಿಡುವ ವಿಧಾನವನ್ನು ರೂಪಿಸಿದವನು ಫ್ರಾನ್ಸಿನ ನಿಕೋಲಾ ಅಪೆರ್. 1810ರಲ್ಲಿ ಅಲ್ಲಿನ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ನೀಡಿತು. ಆಹಾರ ಏಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಗಾಳಿ ಇಲ್ಲದಿರುವುದೇ ಕಾರಣವೆಂದು ಆ ಕಾಲದವರು ನಂಬಿದ್ದರು. ಸೂಕ್ಷ್ಮಜೀವಿಗಳೇ ಕೆಡುವಿಕೆಗೆ ಕಾರಣವೆಂದು ಲೂಯಿ ಪಾಶ್ಚರ್ ತೋರಿಸಿಕೊಡಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಗಾಳಿಯಿಲ್ಲದ ಸ್ಥಳವನ್ನೇ ಬಯಸುವ ಬ್ಯಾಕ್ಟೀರಿಯಾ ಕೂಡ ಇವೆ. 1895ರಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಉಪ್ಪು ಹಾಕಿಟ್ಟ ಹಂದಿಯ ಮಾಂಸವನ್ನು ತಿಂದ ವಾದ್ಯಮೇಳದವರು ಕಾಯಿಲೆ ಬಿದ್ದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಿಂದ ಬೇರ್ಪಡಿಸಿದ ಜೀವಿಯನ್ನು ಇಂದು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂದು ಕರೆಯುತ್ತಾರೆ. ಇದರ ಬೀಜಾಣುಗಳು ಮಣ್ಣಿನಲ್ಲಿ ಎಲ್ಲೆಡೆ ಇವೆ. ಸೊಪ್ಪು, ಗೆಡ್ಡೆ, ಕಳಲೆ, ಅಣಬೆಗಳ ಮೇಲಿನ ಮಣ್ಣಿನ ಜೊತೆ ಅವು ಅಡಿಗೆಮನೆಗೆ ಬರುತ್ತವೆ. ಗಾಳಿ ಇರುವಲ್ಲಿ ಅವು ಮೊಳೆಯುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ, ತೇವವುಳ್ಳ, ಬೆಚ್ಚಗಿನ ಸ್ಥಳ ಸಿಕ್ಕರೆ ಮೊಳೆತು ಬೆಳೆದು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಉತ್ಪಾದಿಸುತ್ತವೆ. ಬೇಯಿಸಿ ಬಿಗಿಯಾಗಿ ಮುಚ್ಚಿದ ಬಾಟಲಿಯು ಇಂತಹ ಸ್ಥಳವೇ ಆಗಿದೆ. ಕುದಿಯುವ ನೀರಿನ ಶಾಖದಿಂದ ಇತರ ಸೂಕ್ಷ್ಮಜೀವಿಗಳು ಸಾಯುತ್ತವೆ. ಬಾಟ್ಯುಲಿನಮ್ ಬೀಜಾಣುಗಳು ಗಂಟೆಗಟ್ಟಲೆ ಕುದಿಸಿದರೂ ಉಳಿಯಬಲ್ಲವು. ಪೈಪೋಟಿ ಮಾಡುವವರಿಲ್ಲದ ಮನೆಯನ್ನು ಅವುಗಳಿಗೆ ಕುದಿಸಿದವರೇ ಕಟ್ಟಿಕೊಟ್ಟಂತಾಗುತ್ತದೆ.

2015ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ನಡೆದ ಸಾಮೂಹಿಕ ಭೋಜನವೊಂದರ ನಂತರ 29 ಮಂದಿ ಈ ವಿಷಕ್ಕೆ ತುತ್ತಾದರು, ಒಬ್ಬರು ಮೃತಪಟ್ಟರು. ಮನೆಯಲ್ಲಿ ಬಾಟಲಿಗೆ ತುಂಬಿಟ್ಟಿದ್ದ ಆಲೂಗಡ್ಡೆಯಿಂದ ಮಾಡಿದ ಸಲಾಡ್ ಇದಕ್ಕೆ ಕಾರಣವಾಗಿತ್ತು. ಆ ಬಾಟಲಿಗಳನ್ನು ಒತ್ತಡದ ಪಾತ್ರೆಯಲ್ಲಿ ಸಂಸ್ಕರಿಸದೆ, ಕೇವಲ ಕುದಿಯುವ ನೀರಿನಲ್ಲಿ ಇಟ್ಟು ತೆಗೆದಿದ್ದರು. ಬಾಟಲಿಯ ಶೇಖರಣೆಯು ತಲೆಮಾರುಗಳಿಂದ ರೂಢಿಯಲ್ಲಿರುವ ನಾಡಿನಲ್ಲಿಯೇ ಹೀಗಾಯಿತು ಎಂಬುದು ಇದನ್ನು ಹೊಸದಾಗಿ ಕಲಿಯುತ್ತಿರುವ ಊರುಗಳಿಗೆ ಎಚ್ಚರಿಕೆಯಾಗಬೇಕು.

ಎಣ್ಣೆಯ ವಿಷಯದಲ್ಲಿಯೂ ಇದೇ ಮಾತು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹುಳಿಯನ್ನು ಕೊಡುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಇಂತಹ ಬೆಳ್ಳುಳ್ಳಿಯಿಂದ 30ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಹುಳಿ ಮತ್ತು ಉಪ್ಪು ಸಾಕಷ್ಟಿರುವ ಉಪ್ಪಿನಕಾಯಿಯ ಮೇಲೆ ನಿಲ್ಲುವ ಎಣ್ಣೆ ಬೂಷ್ಟನ್ನು ತಡೆದು ಉಪಕಾರ ಮಾಡುತ್ತದೆ. ಹುಳಿಯಿಲ್ಲದ ಪದಾರ್ಥದ ಮೇಲೆ ಅದೇ ಎಣ್ಣೆ ಅಪಾಯವನ್ನು ಮುಚ್ಚಿಡುತ್ತದೆ.

ಬೆಟ್ಟದ ಮೇಲೆ ಕುದಿಯುವ ನೀರು

ಗಿರಿಪ್ರದೇಶಕ್ಕೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪ್ರತಿ 300 ಮೀಟರ್ ಏರಿದಂತೆ ಈ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 600 ಮೀಟರ್ ಎತ್ತರದ ಊರುಗಳಲ್ಲಿ 98 ಡಿಗ್ರಿ, 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿ. ಒಲೆಯ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗಲಾರದು. ಆದುದರಿಂದ ಸಮುದ್ರಮಟ್ಟಕ್ಕೆ ಹೇಳಿದ ಅವಧಿ ಬೆಟ್ಟದ ಊರಿಗೆ ಸಾಲುವುದಿಲ್ಲ. ಉದಾಹರಣೆಗೆ, ಜಾಮಿನ ಬಾಟಲಿಯನ್ನು 5 ನಿಮಿಷ ಕುದಿಯುವ ನೀರಿನಲ್ಲಿ ಇಡಬೇಕೆಂದು ಪಾಕವಿಧಾನ ಹೇಳಿದರೆ, ಸಾವಿರ ಅಡಿಗಿಂತ ಎತ್ತರದ ಊರಿನಲ್ಲಿ 10 ನಿಮಿಷ ಇಡಬೇಕು.

ಹುಳಿಯಿಲ್ಲದ ಆಹಾರದಲ್ಲಿನ ಬೀಜಾಣುಗಳನ್ನು ಕೊಲ್ಲಲು ಬಾಟಲಿಯ ನಟ್ಟನಡುವೆ 121 ಡಿಗ್ರಿ ಶಾಖ ಸುಮಾರು 3 ನಿಮಿಷ ನಿಲ್ಲಬೇಕು. ಕಾರ್ಖಾನೆಗಳು ಒತ್ತಡದ ದೊಡ್ಡ ಯಂತ್ರಗಳಲ್ಲಿ ಇದನ್ನು ಸಾಧಿಸುತ್ತವೆ. ಮನೆಯ ಪ್ರೆಷರ್ ಕುಕ್ಕರ್ ಇದಕ್ಕೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಕುಕ್ಕರಿನ ಉಗಿ 120 ಡಿಗ್ರಿಯ ಹತ್ತಿರ ಹೋಗಬಹುದು. ಬಾಟಲಿಯ ಒಳಗಿನ ಗಟ್ಟಿ ಪದಾರ್ಥದ ಮಧ್ಯಭಾಗಕ್ಕೆ ಆ ಶಾಖ ಯಾವಾಗ ತಲುಪಿತು ಎಂಬುದನ್ನು ಸೀಟಿಯ ಎಣಿಕೆ ಹೇಳುವುದಿಲ್ಲ. ಸಂಶೋಧಕರು ನಿಗದಿಪಡಿಸಿದ ಅವಧಿಗಳೆಲ್ಲ ಒತ್ತಡಮಾಪಕವುಳ್ಳ, ನಿಧಾನವಾಗಿ ಕಾದು ನಿಧಾನವಾಗಿ ಆರುವ ದೊಡ್ಡ ಪಾತ್ರೆಗಳನ್ನು ಆಧರಿಸಿದವು. ಚಿಕ್ಕ ಕುಕ್ಕರಿಗೆ ಆ ಲೆಕ್ಕ ಹೊಂದುವುದಿಲ್ಲ. ಹೀಗಾಗಿ ಸಾಮಾನ್ಯ ಮನೆಗಳಲ್ಲಿ ಹುಳಿಯಿಲ್ಲದ ತರಕಾರಿ, ಅಣಬೆ, ಮೀನು, ಮಾಂಸಗಳನ್ನು ಬಾಟಲಿಗೆ ತುಂಬಿ ಹೊರಗಿಡುವ ಸಾಹಸ ಬೇಡ.

ಹುಳಿಯ ಗೆರೆ

ಏನನ್ನು ಮುಚ್ಚಿಡಬಹುದು, ಏನನ್ನು ಮುಚ್ಚಿಡಬಾರದು ಎಂಬುದನ್ನು ನಿರ್ಧರಿಸುವ ಗೆರೆಯೊಂದು ವಿಜ್ಞಾನದಲ್ಲಿದೆ. ಅದೇ ಪಿಎಚ್ 4.6. ಪಿಎಚ್ ಎಂಬುದು ಹುಳಿಯ ಅಳತೆ: 7 ಎಂದರೆ ಶುದ್ಧ ನೀರಿನಂತೆ ತಟಸ್ಥ, ಒಂದೊಂದು ಅಂಕ ಇಳಿದಂತೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚುತ್ತದೆ. 4.6ಕ್ಕಿಂತ ಕೆಳಗೆ ಬಾಟ್ಯುಲಿನಮ್ ಬೆಳೆಯಲಾರದು.

ಮಾವಿನಕಾಯಿ, ನೆಲ್ಲಿಕಾಯಿ, ನಿಂಬೆ, ಮುರುಗಲು, ಹುಣಸೆ, ಅನಾನಸ್‌ಗಳು ಈ ಗೆರೆಯ ಕೆಳಗೆ ಸುರಕ್ಷಿತವಾಗಿವೆ. ಟೊಮೆಟೊ ಗೆರೆಯ ಆಚೀಚೆ ಓಲಾಡುತ್ತದೆ. ಆದುದರಿಂದ ಟೊಮೆಟೊ ತುಂಬುವಾಗ ಅರ್ಧ ಲೀಟರಿನ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲವನ್ನು ಸೇರಿಸಬೇಕು. ಪಪ್ಪಾಯಿ, ಹಲಸು, ಕಳಲೆ, ಅಣಬೆ, ಬೀನ್ಸ್, ಗೆಡ್ಡೆಗಳು ಗೆರೆಯ ಮೇಲಿವೆ. ಇವುಗಳನ್ನು ಒಣಗಿಸಬೇಕು, ಇಲ್ಲವೇ ಹುಳಿಯನ್ನು ಸೇರಿಸಿ ಗೆರೆ ದಾಟಿಸಬೇಕು, ಅಥವಾ ಸಾಕಷ್ಟು ಉಪ್ಪಿನಲ್ಲಿ ಇಡಬೇಕು. ಹಿರಿಯರು ಸೊಳೆಯನ್ನು ಒಣ ಉಪ್ಪಿನ ಪದರಗಳಲ್ಲಿ ಹೂತಿಟ್ಟು, ಬಳಸುವ ಮುನ್ನ ನೀರಿನಲ್ಲಿ ನೆನೆಸಿ ಉಪ್ಪು ತೆಗೆಯುತ್ತಿದ್ದುದು ಇದೇ ಕಾರಣಕ್ಕೆ. ರಕ್ತದೊತ್ತಡದ ಚಿಂತೆಯಿರುವವರು ಭರಣಿಯ ಉಪ್ಪನ್ನು ಕಡಿಮೆ ಮಾಡುವ ಬದಲು ನೆನೆಸುವ ನೀರನ್ನು ಇನ್ನೆರಡು ಬಾರಿ ಬದಲಿಸುವುದು ಲೇಸು.

ಹುಳಿಯನ್ನು ಅಳೆಯುವ ಪಿಎಚ್ ಕಾಗದದ ಪಟ್ಟಿಗಳು ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತವೆ. ತುಂಬಿದ ದಿನವೇ ಅಳೆದರೆ ಪ್ರಯೋಜನವಿಲ್ಲ. ಒಳಗಿನ ರಸವೂ ಹೊರಗಿನ ದ್ರವವೂ ಬೆರೆತ ಮೇಲೆ ಒಂದು ಹೋಳನ್ನು ದ್ರವದೊಡನೆ ಅರೆದು ಪಟ್ಟಿಯನ್ನು ಅದ್ದಬೇಕು. ಕಾಗದದ ಅಳತೆಯಲ್ಲಿ ತುಸು ಹೆಚ್ಚುಕಡಿಮೆ ಆಗುವುದರಿಂದ 4.0 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಮಾತ್ರ ನಂಬಬೇಕು. ಮಾರಾಟ ಮಾಡುವ ಸಂಘಗಳು ಪಿಎಚ್ ಮೀಟರನ್ನೇ ಕೊಳ್ಳುವುದು ಮತ್ತು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಿಕೊಳ್ಳುವುದು ಸೂಕ್ತ.

ಇಡುವ ಜಾಗ

ಸರಿಯಾಗಿ ಸಿದ್ಧಪಡಿಸಿದ ಆಹಾರ ಎಷ್ಟು ಕಾಲ ರುಚಿಯಾಗಿರುತ್ತದೆ ಎಂಬುದನ್ನು ಇಡುವ ಜಾಗ ನಿರ್ಧರಿಸುತ್ತದೆ. ಉತ್ತಮ ಜಾಗದ ಲಕ್ಷಣಗಳು ತಂಪು, ಕತ್ತಲೆ ಮತ್ತು ಒಣ ಗಾಳಿ. ಬಾಟಲಿಯ ಆಹಾರಕ್ಕೆ 10ರಿಂದ 21 ಡಿಗ್ರಿಯ ತಂಪು ಉತ್ತಮ; 35 ಡಿಗ್ರಿಯನ್ನು ಮೀರಬಾರದು. ಉಷ್ಣತೆ 10 ಡಿಗ್ರಿ ಏರಿದರೆ ಬಣ್ಣಗೆಡುವ, ಎಣ್ಣೆ ಕಮಟಾಗುವ, ಸತ್ವ ನಶಿಸುವ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ವರ್ಷ ಚೆನ್ನಾಗಿರುವ ಜಾಮ್ 30 ಡಿಗ್ರಿಯಲ್ಲಿ ಆರು ತಿಂಗಳಿಗೇ ಕಂದುತ್ತದೆ.

ಹಪ್ಪಳಕ್ಕೆ, ಒಣಗಿಸಿದ ಹೋಳುಗಳಿಗೆ ಒಲೆಯ ಮೇಲಿನ ಅಟ್ಟ ಪ್ರಶಸ್ತವಾದ ಜಾಗ; ಹೊಗೆ ಮತ್ತು ಬಿಸಿ ತೇವವನ್ನು ಓಡಿಸುತ್ತವೆ. ಉಪ್ಪಿನಕಾಯಿ, ಜಾಮ್, ಪಾಕಗಳಿಗೆ ಅದೇ ಅಟ್ಟ ತರವಲ್ಲ. ಅವುಗಳಿಗೆ ಮಣ್ಣಿನ ಗೋಡೆಯ ಒಳಕೋಣೆ, ಬಿಸಿಲು ಬೀಳದ ದಿಕ್ಕು, ನೆಲದಿಂದ ಗೇಣೆತ್ತರದ ಹಲಗೆ ಬೇಕು. ತಗಡಿನ ಮಾಡಿನ ಹೊಸ ಮನೆಗಳಲ್ಲಿ ಮೇಲಿನ ಕಪಾಟು ಬೇಸಿಗೆಯಲ್ಲಿ ಒಲೆಯಂತೆಯೇ ಕಾಯುತ್ತದೆ ಎಂಬುದು ನೆನಪಿರಲಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿದ ಬಾಟಲಿಗಳ ಲೋಹದ ಮುಚ್ಚಳ ತುಕ್ಕು ಹಿಡಿದು ತೂತಾಗುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಬೇಕು. ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಲೇಬಾರದು. ಹುಳಿ ಲೋಹವನ್ನು ಕರಗಿಸುತ್ತದೆ.

ಜೇನು ಮತ್ತು ಜೋನಿಬೆಲ್ಲಗಳಿಗೆ ಮಳೆಗಾಲದ ತೇವವೇ ಶತ್ರು. ಅವು ಗಾಳಿಯಿಂದ ನೀರನ್ನು ಹೀರಿಕೊಂಡು ಹುಳಿಯುತ್ತವೆ. ಜೇನಿನ ತೇವಾಂಶ ಶೇಕಡ 20ನ್ನು ಮೀರಬಾರದೆಂಬ ನಿಯಮಕ್ಕೆ ಇದೇ ಕಾರಣ. ಇಲ್ಲಿಯೇ ಇನ್ನೊಂದು ಮಾತನ್ನು ಹೇಳಬೇಕು. ಜೇನಿನಲ್ಲಿ ಬಾಟ್ಯುಲಿನಮ್ ಬೀಜಾಣುಗಳು ನಿದ್ರಾವಸ್ಥೆಯಲ್ಲಿ ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ನಿರುಪದ್ರವಿ. ಶಿಶುವಿನ ಕರುಳಿನಲ್ಲಿ ಮೊಳೆಯಬಲ್ಲವು. ಒಂದು ವರ್ಷ ತುಂಬದ ಮಗುವಿನ ನಾಲಗೆಗೆ ಜೇನನ್ನು ನೆಕ್ಕಿಸುವ ರೂಢಿಯನ್ನು ಬಿಡಬೇಕು.

ಎಷ್ಟು ಕಾಲ? ಹೇಗೆ ತಿಳಿಯುವುದು?

ಸಾಕಷ್ಟು ಉಪ್ಪಿನಲ್ಲಿರುವ ಅಪ್ಪೆಮಿಡಿ ಭರಣಿಯಲ್ಲಿ ಎರಡು ಮೂರು ವರ್ಷ ಚೆನ್ನಾಗಿಯೇ ಇರುತ್ತದೆ. ಎಣ್ಣೆ ಹೆಚ್ಚಿರುವ ಮಸಾಲೆ ಉಪ್ಪಿನಕಾಯಿ ಒಂದು ವರ್ಷದ ನಂತರ ಕಮಟು ವಾಸನೆಗೆ ತಿರುಗುತ್ತದೆ. ಉಪ್ಪುಸೊಳೆಯನ್ನು ಮುಂದಿನ ಹಲಸಿನ ಕಾಲದೊಳಗೆ ಮುಗಿಸಬೇಕು. ಸಿಹಿ ಸಾಕಷ್ಟಿರುವ ಜಾಮ್, ಪಾಕಗಳು ಮುಚ್ಚಿದ ಬಾಟಲಿಯಲ್ಲಿ ಒಂದು ವರ್ಷ ಬಾಳುತ್ತವೆ. ತೆರೆದ ಮೇಲೆ ತಂಪಿನಲ್ಲಿಟ್ಟು ಒಂದು ತಿಂಗಳೊಳಗೆ ಬಳಸುವುದು ಕ್ಷೇಮ. ಜಾಮಿನಲ್ಲಿ ಕರಗಿದ ಘನಾಂಶ ಶೇಕಡ 65ಕ್ಕಿಂತ ಕಡಿಮೆಯಿರಬಾರದು. ಸಕ್ಕರೆಯನ್ನು ಕಡಿತ ಮಾಡಿದ ಜಾಮಿಗೆ ಈ ಆಯುಷ್ಯವಿಲ್ಲ.

ಕೆಟ್ಟಿದೆಯೇ ಎಂದು ತಿಳಿಯಲು ಕಣ್ಣು ಮತ್ತು ಮೂಗು ಸಹಾಯಕ್ಕೆ ಬರುತ್ತವೆ. ಉಬ್ಬಿದ ಮುಚ್ಚಳ, ಸೋರುವಿಕೆ, ತೆರೆದಾಗ ಚಿಮ್ಮುವ ದ್ರವ, ಮಂಕಾದ ರಸ, ಲೋಳೆ, ಅಸಹಜ ವಾಸನೆ, ಇವೆಲ್ಲ ಕೆಟ್ಟಿರುವುದರ ಗುರುತುಗಳು. ಉಪ್ಪುನೀರಿನಲ್ಲಿ ಹೊಸದಾಗಿ ಹಾಕಿದ ತರಕಾರಿಯಿಂದ ಮೊದಲ ವಾರಗಳಲ್ಲಿ ಗುಳ್ಳೆಗಳು ಏಳುವುದು ಸಹಜ. ಲ್ಯಾಕ್ಟಿಕ್ ಆಮ್ಲವನ್ನು ಮಾಡುವ ಉಪಕಾರಿ ಜೀವಿಗಳ ಕೆಲಸವದು. ತಿಂಗಳುಗಳ ನಂತರ ಏಳುವ ಗುಳ್ಳೆ ಸಹಜವಲ್ಲ. ಉಪ್ಪುನೀರಿನ ಮೇಲೆ ಕಟ್ಟುವ ತೆಳುವಾದ ಬಿಳಿ ಪೊರೆಯನ್ನು ಕೂಡಲೇ ತೆಗೆದುಹಾಕಬೇಕು. ಹಾಗೆಯೇ ಬಿಟ್ಟರೆ ಅದು ಹುಳಿಯನ್ನು ತಿಂದು ರಕ್ಷಣೆಯನ್ನು ಸಡಿಲಗೊಳಿಸುತ್ತದೆ. ಹಸಿರು, ಕಪ್ಪು ಬಣ್ಣದ ನಾರುನಾರಾದ ಬೂಷ್ಟು ಬಂದರೆ ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸುವಂತಿಲ್ಲ. ಅದರ ಎಳೆಗಳು ಕಾಣದಂತೆ ಒಳಗಿಳಿದಿರುತ್ತವೆ.

ಈ ಗುರುತುಗಳಿಗೆ ಒಂದು ದೊಡ್ಡ ಮಿತಿಯಿದೆ. ಬಾಟ್ಯುಲಿನಮ್ ವಿಷವಿರುವ ಆಹಾರದ ಬಣ್ಣ, ವಾಸನೆ, ರುಚಿ ಮಾಮೂಲಿನಂತೆಯೇ ಇರಬಹುದು. ಹುಳಿಯಿಲ್ಲದ ಬಾಟಲಿಯನ್ನು ಮೂಸಿ ನೋಡಿ, ನಾಲಗೆಗೆ ತಾಗಿಸಿ ಪರೀಕ್ಷಿಸುವ ಅಭ್ಯಾಸ ಅಪಾಯಕಾರಿ. ಇಂತಹ ಸಂಶಯದ ಬಾಟಲಿಯನ್ನು ದನಕರುಗಳ ಕಲಗಚ್ಚಿಗೆ, ನಾಯಿಯ ತಟ್ಟೆಗೆ ಸುರಿಯಬಾರದು. ದನಗಳಿಗೂ ಈ ವಿಷ ಮಾರಕ. ಮುಚ್ಚಳ ಸಡಿಲವಾಗಿದ್ದರೆ ಬಾಟಲಿಯ ಸಮೇತ ನೀರಿನಲ್ಲಿ ಮುಳುಗಿಸಿ 30 ನಿಮಿಷ ಕುದಿಸಿ, ಬಾವಿ ಹಾಗೂ ಹಳ್ಳದಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಬೀಜಾಣು ಗಟ್ಟಿಯಾದರೂ ವಿಷ ಕುದಿತಕ್ಕೆ ನಾಶವಾಗುತ್ತದೆ. ಒತ್ತಡದ ಯಂತ್ರದಲ್ಲಿ ಸರಿಯಾಗಿ ಸಂಸ್ಕರಿಸಿದ ಹುಳಿಯಿಲ್ಲದ ಆಹಾರವನ್ನೂ ಉಣ್ಣುವ ಮುನ್ನ 10 ನಿಮಿಷ, ಪ್ರತಿ ಸಾವಿರ ಅಡಿ ಎತ್ತರಕ್ಕೆ ಇನ್ನೊಂದು ನಿಮಿಷ ಸೇರಿಸಿ ಕುದಿಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ.

ಇಂತಹ ಆಹಾರವನ್ನು ಉಂಡು ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಆರಂಭವಾದರೆ, ಜ್ವರ ಇಲ್ಲವೆಂದು ಸುಮ್ಮನಿರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಉಂಡದ್ದು ಏನೆಂಬುದನ್ನು ವೈದ್ಯರಿಗೆ ಹೇಳಬೇಕು. ಪ್ರತಿವಿಷವಿದೆ, ಅದನ್ನು ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಮರದ ಲೆಕ್ಕ

ಪ್ರತಿಯೊಂದು ಭರಣಿಯ ಹಿಂದೆಯೂ ಒಂದು ಮರವಿದೆ. ಅಪ್ಪೆಯ ಒಳ್ಳೆಯ ಮರಗಳು ಹೊಳೆದಂಡೆಯಲ್ಲಿ, ಕಾಡಿನಂಚಿನಲ್ಲಿ ತಾವಾಗಿಯೇ ಬೆಳೆದವು. ಪೇಟೆಯ ಬೇಡಿಕೆ ಹೆಚ್ಚಿದಂತೆ ಕೊಂಬೆಯನ್ನೇ ಕಡಿದು ಮಿಡಿ ಕೊಯ್ಯುವವರು ಬಂದರು. ಒಂದು ವರ್ಷದ ಫಸಲಿಗಾಗಿ ಹತ್ತು ವರ್ಷದ ಕೊಂಬೆ ನೆಲಕ್ಕೆ ಬೀಳುತ್ತದೆ. ಎಲ್ಲ ಮಿಡಿಗಳನ್ನೂ ಬಳಿದ ಮರದ ಕೆಳಗೆ ಬೀಜ ಬೀಳುವುದಿಲ್ಲ. ಬೀಜ ಬೀಳದಿದ್ದರೆ ಮುಂದಿನ ಪೀಳಿಗೆಯ ಗಿಡ ಹುಟ್ಟುವುದಿಲ್ಲ. ಹೀಗೆ ತಂದ ಮಿಡಿ ಉಪ್ಪು ಸಾಲದೆ ಮೆತ್ತಗಾಗಿ ತಿಪ್ಪೆ ಸೇರಿದರೆ ಆ ನಷ್ಟ ಕೇವಲ ಅಡಿಗೆಮನೆಯದಲ್ಲ.

ಕಾಯ್ದಿಡುವ ತಿಳಿವಳಿಕೆ ಕಾಡನ್ನು ಕಾಯುವ ಕೆಲಸದ ಭಾಗವಾಗುವುದು ಹೀಗೆ. ಮನೆ ಒಂದು ವರ್ಷದಲ್ಲಿ ಉಣ್ಣುವಷ್ಟನ್ನು, ಸಂಘ ಒಂದು ವರ್ಷದಲ್ಲಿ ಮಾರುವಷ್ಟನ್ನು ಮಾತ್ರ ತುಂಬಬೇಕು. ಕಳೆದ ವರ್ಷದ ಭರಣಿ ಎಷ್ಟು ಉಳಿದಿದೆ ಎಂಬುದನ್ನು ನೋಡದೆ ಈ ವರ್ಷದ ಮರವನ್ನು ಹತ್ತಬಾರದು.

ಇದಕ್ಕೆ ಬೇಕಾದುದು ದುಬಾರಿ ಯಂತ್ರವಲ್ಲ, ಒಂದು ನೋಟ್‌ಪುಸ್ತಕ. ಪ್ರತಿ ಭರಣಿಗೂ ಒಂದು ಸಾಲು: ಯಾವ ಮರದ ಮಿಡಿ, ತುಂಬಿದ ದಿನಾಂಕ, ಮಿಡಿಯ ತೂಕ, ಉಪ್ಪಿನ ತೂಕ, ತಿಂಗಳ ನಂತರದ ಪಿಎಚ್, ಇಟ್ಟ ಜಾಗ, ತೆರೆದ ದಿನ, ಕಂಡ ಬದಲಾವಣೆ. ಅಜ್ಜಿ ಹೇಳುವ ಬೊಗಸೆಯ ಅಳತೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡುವ ಕೆಲಸವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಮೂರು ವರ್ಷ ಹೀಗೆ ಬರೆದರೆ ಆ ಊರಿನ ಮಿಡಿಗೆ, ಆ ಊರಿನ ಮಳೆಗೆ, ಆ ಊರಿನ ಉಗ್ರಾಣಕ್ಕೆ ಹೊಂದುವ ಬಾಳಿಕೆಯ ಪಟ್ಟಿಯೊಂದು ಸಿದ್ಧವಾಗುತ್ತದೆ. ಎಷ್ಟು ದಿನ ಬಾಳುತ್ತದೆ ಎಂದು ಕೇಳಿದವರಿಗೆ ಆಗ ಅಂದಾಜು ಹೇಳಬೇಕಾಗಿಲ್ಲ, ಪುಸ್ತಕವನ್ನು ತೆರೆದು ತೋರಿಸಬಹುದು.

ಮುಂದಿನ ಮಿಡಿಗಾಲಕ್ಕೆ ಮುಂಚೆ ಪ್ರತಿ ಮನೆಯಲ್ಲೂ ಹಳೆಯ ಭರಣಿಗಳ ಎಣಿಕೆ ಆಗಲಿ.